ಕ್ರೀಡಾ ವೀಲ್‌ಚೇರ್ ಕೊಟ್ಟರೆ ಸಾಲದು, ನೋಡಿಕೊಳ್ಳುವವರೂ ಬೇಕು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಸಾಲಾಗಿ ನಿಲ್ಲಿಸಿದ ಕ್ರೀಡಾ ವೀಲ್‌ಚೇರ್‌ಗಳು, ಅವಕ್ಕೆ ಕಟ್ಟಿದ ರಿಬ್ಬನ್, ಹಿಂದೆ ನಿಂತ ದಾನಿಗಳು. ನೋಡಿ ನಿಜಕ್ಕೂ ಖುಷಿಯಾಯಿತು. ನಡೆಯಲಾಗದ ಹುಡುಗ ಹುಡುಗಿಯರೂ ಆಡಲಿ ಅಂತ ಕೈಯಿಂದ ದುಡ್ಡು ಹಾಕುವವರು ನಮ್ಮ ಕೊಡಗಿನಲ್ಲಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಫೋಟೊ ಹತ್ತಿರ ಹಿಡಿದು ನೋಡಿದರೆ ಒಂದು ಕುರ್ಚಿಗೆ ಹಿಂದುಗಡೆ ಇರಬೇಕಾದ ಪುಟ್ಟ ಚಕ್ರವೇ ಇಲ್ಲ. ಇನ್ನೊಂದರ ಎಡಗಡೆ ಟೈರು ಗಾಳಿಯಿಲ್ಲದೆ ನೆಲಕ್ಕೆ ಅಂಟಿಕೊಂಡಿದೆ. ಅವತ್ತೇ ಯಾರಾದರೂ ಅದರಲ್ಲಿ ಆಡಲು ಕೂತಿದ್ದರೆ ಅಂತ ನೆನೆದು ಭಯವಾಯಿತು. ಕೊಟ್ಟವರನ್ನು ನಾನು ದೂರುತ್ತಿಲ್ಲ. ಕುರ್ಚಿ ಕೊಡುವವರಿದ್ದಾರೆ, ಪಡೆಯುವವರಿದ್ದಾರೆ. ಅದನ್ನು ತಿರುಗಿಸಿ, ಮಗುಚಿ, ಎಳೆದು ನೋಡಿ, ಇದರಲ್ಲಿ ಆಡಬಹುದು ಅಂತ ಹೇಳುವ ಕೆಲಸ ಮಾತ್ರ ಯಾರದೂ ಅಲ್ಲ ಅನ್ನುವಂತಾಗಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಸಿದ್ದಾಪುರದ ಕಡೆಯವನು. ಕರಿಮೆಣಸು ಕೊಯ್ಯಲು ಏಣಿ ಹತ್ತಿ, ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್‌ಗೆ ಬಂದವನು. ಮರ ಕಪಾತು ಮಾಡುವಾಗ ಸಿಲ್ವರ್ ಓಕ್‌ನಿಂದ ಬಿದ್ದವರು, ಬೈಕ್ ಆಕ್ಸಿಡೆಂಟ್ ಆದವರು, ಚಿಕ್ಕಂದಿನಲ್ಲಿ ಪೋಲಿಯೊ ಬಂದವರು, ಹೀಗೆ ನಾವೊಂದಿಷ್ಟು ಜನ ಸೇರಿ ಬ್ಯಾಸ್ಕೆಟ್‌ಬಾಲ್ ಆಡುತ್ತೇವೆ. ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾದ ಮೇಲೆ ಸಿಮೆಂಟ್ ಕಣದಲ್ಲೇ ಪ್ರಾಕ್ಟೀಸ್. ಉಳಿದ ಕಾಲದಲ್ಲಿ ಯಾವುದಾದರೂ ಶಾಲೆಯವರು ಅಂಗಳ ಬಿಟ್ಟುಕೊಟ್ಟರೆ ಅಲ್ಲಿ. ಕುರ್ಚಿ ಬಿಚ್ಚುವುದು, ಜೋಡಿಸುವುದು ಎಲ್ಲ ನಾವೇ ಕಲಿತುಕೊಂಡಿದ್ದು. ಹಾಗೆ ಕಲಿತದ್ದನ್ನು ಬೇರೆಯವರಿಗೂ ಹೇಳಬೇಕು ಅನ್ನಿಸಿದೆ.

ಆಸ್ಪತ್ರೆಯಲ್ಲಿ ನೋಡುವ ಮಡಚುವ ಕುರ್ಚಿಗೂ ಆಟದ ಕುರ್ಚಿಗೂ ತುಂಬಾ ವ್ಯತ್ಯಾಸ ಇದೆ. ಆಟದ ಕುರ್ಚಿ ಮಡಚುವುದಿಲ್ಲ, ಫ್ರೇಮ್ ಪೂರ್ತಿ ವೆಲ್ಡ್ ಮಾಡಿದ್ದು. ದೊಡ್ಡ ಚಕ್ರಗಳು ನೆಟ್ಟಗಿರುವುದಿಲ್ಲ, ಮೇಲೆ ಒಳಕ್ಕೂ ಕೆಳಗೆ ಹೊರಕ್ಕೂ ವಾಲಿರುತ್ತವೆ. ಇದಕ್ಕೆ ಕ್ಯಾಂಬರ್ ಅಂತಾರೆ. ಬ್ಯಾಸ್ಕೆಟ್‌ಬಾಲ್ ಕುರ್ಚಿಯಲ್ಲಿ ಸಾಮಾನ್ಯವಾಗಿ 15ರಿಂದ 20 ಡಿಗ್ರಿ. ಇದರಿಂದ ಕುರ್ಚಿ ಗಕ್ಕನೆ ತಿರುಗುತ್ತದೆ, ಪಕ್ಕಕ್ಕೆ ಸುಲಭಕ್ಕೆ ಮಗುಚುವುದಿಲ್ಲ. ಬ್ರೇಕ್ ಇರುವುದಿಲ್ಲ, ಕೈಯಿಂದಲೇ ಹಿಡಿದು ನಿಲ್ಲಿಸಬೇಕು. ಹಿಮ್ಮುಖವಾಗಿ ಬೀಳದಿರಲಿ ಅಂತಲೇ ಹಿಂದೆ ಆ ಪುಟ್ಟ ಚಕ್ರ. ಆಟಗಾರ ಸೊಂಟ, ತೊಡೆ, ಪಾದ ಎಲ್ಲವನ್ನೂ ಬೆಲ್ಟಿನಿಂದ ಬಿಗಿದುಕೊಂಡಿರುತ್ತಾನೆ, ಇಲ್ಲದಿದ್ದರೆ ತಿರುಗುವಾಗ ಮೈ ಹಿಡಿತಕ್ಕೆ ಸಿಗುವುದಿಲ್ಲ. ಅಂದರೆ ಕುರ್ಚಿ ಬಿದ್ದರೆ ಆಟಗಾರನೂ ಅದರ ಜತೆಗೇ ಬೀಳುತ್ತಾನೆ. ಕಾಲೂರಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಬಿದ್ದ ಮೇಲೆ ಇನ್ನೊಂದು ಕಷ್ಟ. ಬೆನ್ನುಹುರಿ ಪೆಟ್ಟಾದವರಿಗೆ ಸೊಂಟದ ಕೆಳಗೆ ನೋವೇ ಗೊತ್ತಾಗದಿರಬಹುದು, ಮೂಳೆ ಮುರಿದರೂ ಸಂಜೆ ಕಾಲು ಊದಿಕೊಂಡಾಗಲೇ ತಿಳಿಯುವುದು. ಹಾಗಾಗಿ ನಮಗೆ ಕುರ್ಚಿ ಸರಿಯಿದೆಯಾ ಅಂತ ನೋಡುವುದು ಆಟದ ಒಂದು ಭಾಗವೇ. ಸಂಪಾಜೆ ಘಟ್ಟ ಇಳಿಯುವ ಜೀಪಿನ ಬ್ರೇಕ್ ನೋಡದೆ ಯಾವ ಡ್ರೈವರೂ ಹೊರಡುವುದಿಲ್ಲವಲ್ಲ, ಅಷ್ಟೇ ಗಂಭೀರ ವಿಷಯ ಇದು.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ದೊಡ್ಡ ಚಕ್ರದ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು. ಈಗಿನ ಹೆಚ್ಚಿನ ಕುರ್ಚಿಗಳಲ್ಲಿ ಚಕ್ರವನ್ನು ಒಂದು ಗುಂಡಿ ಒತ್ತಿ ಕಳಚಬಹುದು. ಕಾರಿನಲ್ಲೋ ಜೀಪಿನಲ್ಲೋ ಸಾಗಿಸಲು ತುಂಬಾ ಅನುಕೂಲ. ಆಕ್ಸಲ್‌ನ ಒಳತುದಿಯಲ್ಲಿ ಪುಟ್ಟ ಬಾಲ್ಸ್ ಇರುತ್ತವೆ. ಗುಂಡಿ ಒತ್ತಿದಾಗ ಅವು ಒಳಗೆ ಹೋಗುತ್ತವೆ, ಬಿಟ್ಟಾಗ ಹೊರಗೆ ಬಂದು ಲಾಕ್ ಆಗುತ್ತವೆ. ಚಕ್ರ ಹಿಡಿದಿರುವುದು ಈ ಬಾಲ್ಸ್ ಮಾತ್ರ. ನಮ್ಮ ಕೆಂಪು ಮಣ್ಣು, ಕಣದ ದೂಳು, ಕಾಫಿ ಸಿಪ್ಪೆಯ ಪುಡಿ ಅಲ್ಲಿ ಸೇರಿದರೆ ಬಾಲ್ಸ್ ಪೂರ್ತಿ ಹೊರಗೆ ಬರುವುದಿಲ್ಲ. ಚಕ್ರ ಕೂತ ಹಾಗೆ ಕಾಣುತ್ತದೆ, ಆದರೆ ಲಾಕ್ ಆಗಿರುವುದಿಲ್ಲ. ನಮ್ಮ ಗೆಳೆಯನೊಬ್ಬನಿಗೆ ಇದೇ ಆಯಿತು. ಜೀಪಿನಿಂದ ಇಳಿಸಿ, ಚಕ್ರ ತೂರಿಸಿ, ಆಟಕ್ಕೆ ಇಳಿದರು. ಜೋರಾಗಿ ಬಂದು ಎಡಕ್ಕೆ ತಿರುಗುವಾಗ ಬಲಗಡೆ ಚಕ್ರ ಕಳಚಿ ಬೇರೆ ಕಡೆ ಹೋಯಿತು, ಅವನು ಕುರ್ಚಿ ಸಮೇತ ಸಿಮೆಂಟಿನ ಮೇಲೆ. ಭುಜದ ಮೂಳೆ ಬಿರುಕು ಬಿಟ್ಟಿತು. ವೀಲ್‌ಚೇರ್‌ನವನಿಗೆ ಭುಜ ಹೋಯಿತು ಅಂದರೆ ಏನು ಗೊತ್ತಾ? ಹಾಸಿಗೆಯಿಂದ ಕುರ್ಚಿಗೆ ಬರಲೂ ಇನ್ನೊಬ್ಬರು ಬೇಕು, ಬಾತ್‌ರೂಮಿಗೂ ಇನ್ನೊಬ್ಬರು ಬೇಕು. ಮನೆಯಲ್ಲಿ ದುಡಿಯುವವಳು ಹೆಂಡತಿ ಒಬ್ಬಳೇ, ಅವಳು ಕೆಲಸ ಬಿಟ್ಟು ತಿಂಗಳುಗಟ್ಟಲೆ ಕೂತಳು.

ಇದನ್ನು ತಡೆಯಲು ಬೇಕಿದ್ದದ್ದು ಅರ್ಧ ನಿಮಿಷ. ಚಕ್ರ ಹಾಕಿದ ಮೇಲೆ ನಡುವಿನ ಗುಂಡಿ ಪೂರ್ತಿ ಹೊರಗೆ ಬಂದಿದೆಯಾ ನೋಡಿ. ಆಮೇಲೆ ಗುಂಡಿ ಮುಟ್ಟದೆ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹೊರಕ್ಕೆ ಜೋರಾಗಿ ಎಳೆಯಿರಿ. ಬರಬಾರದು. ಇನ್ನೊಂದು ಚಕ್ರಕ್ಕೂ ಹಾಗೇ. ಚಕ್ರ ಒಳಗೂ ಹೊರಗೂ ಕಟಕಟ ಅಂತ ಆಡುತ್ತಿದ್ದರೆ ಆಕ್ಸಲ್ ತುದಿಯ ನಟ್ಟು ಸ್ವಲ್ಪ ಬಿಗಿಯಬೇಕು. ಹಾಗಂತ ಜಾಸ್ತಿ ಬಿಗಿದರೆ ಬಾಲ್ಸ್ ಹೊರಗೆ ಬರಲು ಜಾಗವೇ ಇರುವುದಿಲ್ಲ, ಹಾಗಾಗಿ ಬಿಗಿದ ಮೇಲೆ ಮತ್ತೆ ಎಳೆದು ನೋಡಲೇಬೇಕು. ವಾರಕ್ಕೊಮ್ಮೆ ಆಕ್ಸಲ್ ಹೊರಗೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಅದು ಕೂರುವ ಕೊಳವೆಯ ಒಳಗೂ ಬಟ್ಟೆ ಆಡಿಸಿ. ಆಕ್ಸಲ್ ಬಗ್ಗಿದ್ದರೆ, ಬಾಲ್ಸ್ ಸವೆದಿದ್ದರೆ, ಗುಂಡಿ ಒತ್ತಿದಾಗ ತಾನಾಗಿ ಹಿಂದೆ ಬರದಿದ್ದರೆ ಅದನ್ನು ಎಸೆದು ಹೊಸದು ಹಾಕಬೇಕು. ಇಲ್ಲಿ ರಿಪೇರಿ ಅನ್ನುವ ಮಾತೇ ಬೇಡ.

ಟೈರಿನ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ಕೈಯಿಂದ ಒತ್ತಿ ನೋಡಿ. ಬೆರಳಿಗೆ ಗಟ್ಟಿ ಅನ್ನಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಆಟದ ಕುರ್ಚಿಯ ಟೈರಿಗೆ ಸಾಮಾನ್ಯವಾಗಿ 100 ಪಿಎಸ್‌ಐಗಿಂತ (ಗಾಳಿಯ ಒತ್ತಡದ ಅಳತೆ) ಮೇಲೆಯೇ ಗಾಳಿ ಬೇಕು, ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಬೈಕಿನ ಟೈರಿಗೆ ಹಾಕುವ 30ರ ಆಸುಪಾಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಳಿ ಕಡಿಮೆಯಾದರೆ ಕುರ್ಚಿ ತಳ್ಳಲು ಭಾರ, ಭುಜಕ್ಕೆ ಸುಸ್ತು, ಹೊಡೆತ ಬಿದ್ದಾಗ ರಿಮ್ಮಿಗೆ ಪೆಟ್ಟು. ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಡಿಮೆ ಆದರೆ ಕುರ್ಚಿ ಒಂದೇ ಕಡೆಗೆ ಎಳೆಯುತ್ತದೆ. ತುಂಬಾ ಕುರ್ಚಿಗಳ ಟ್ಯೂಬಿಗೆ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇರುತ್ತದೆ, ಪೆಟ್ರೋಲ್ ಬಂಕಿನ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ. ತುದಿಯಲ್ಲಿರುವ ಪುಟ್ಟ ನಟ್ಟು ಸಡಿಲಿಸಿದ ಮೇಲೆಯೇ ಗಾಳಿ ಒಳಗೆ ಹೋಗುವುದು. ಇದು ಗೊತ್ತಿಲ್ಲದೆ ವಾಲ್ವ್ ಮುರಿದವರನ್ನು ನೋಡಿದ್ದೇನೆ. ಮೀಟರ್ ಇರುವ ಸೈಕಲ್ ಪಂಪು, ಹಿತ್ತಾಳೆಯ ಒಂದು ಅಡಾಪ್ಟರ್, ಇಷ್ಟಿದ್ದರೆ ತಂಡಕ್ಕೆಲ್ಲ ಸಾಕು. ಕುರ್ಚಿ ಕೊಡುವವರು ಜತೆಗೆ ಒಂದು ಪಂಪನ್ನೂ ಕೊಟ್ಟರೆ ಎಷ್ಟು ಚೆನ್ನ!

ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ನೋಡಿ. ಎಲ್ಲದರ ಸದ್ದೂ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಒಂದು ಮಂಕಾಗಿ ಕೇಳಿದರೆ ಅದು ಸಡಿಲ. ಒಂದು ಕಡ್ಡಿ ಸಡಿಲವಾದರೆ ಪಕ್ಕದ ಕಡ್ಡಿಗಳ ಮೇಲೆ ಭಾರ ಬಿದ್ದು ಅವೂ ತುಂಡಾಗುತ್ತಾ ಹೋಗುತ್ತವೆ. ಇದನ್ನು ಸರಿ ಮಾಡಲು ದೊಡ್ಡ ಎಂಜಿನಿಯರ್ ಬೇಡ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ಹಳೇ ಸೈಕಲ್ ಶಾಪಿನವರು ಬೆಂಡ್ ತೆಗೆಯುವುದರಲ್ಲಿ ಪಳಗಿದವರು. ದೊಡ್ಡ ಚಕ್ರದ ಹೊರಗಡೆ ಕೈಯಿಂದ ಹಿಡಿದು ತಳ್ಳುವ ಬಳೆಯ ಮೇಲೆ ಬೇರೆ ಕುರ್ಚಿ ಬಡಿದು ಗೀರು ಎದ್ದಿದ್ದರೆ ನುಣ್ಣನೆ ಎಮರಿ ಪೇಪರ್ ಉಜ್ಜಿ. ಆ ಗೀರು ಬ್ಲೇಡಿನ ಹಾಗೆ ಅಂಗೈ ಕೊಯ್ಯುತ್ತದೆ. ನಮ್ಮಲ್ಲಿ ಕೆಲವರಿಗೆ ಬೆರಳಲ್ಲೂ ಸ್ಪರ್ಶ ಕಡಿಮೆ, ರಕ್ತ ನೋಡಿದ ಮೇಲೆಯೇ ಗೊತ್ತಾಗುವುದು.

ಮುಂದಿನ ಚಿಕ್ಕ ಚಕ್ರಗಳ ಕಥೆಯೇ ಬೇರೆ. ಕಣದಲ್ಲಿ ಆಡುವವರಿಗೆ ಇದು ದಿನದ ಗೋಳು. ಗೋಣಿಚೀಲದ ನಾರು, ತಲೆಗೂದಲು, ದಾರದ ತುಂಡು, ಕಾಫಿ ಸಿಪ್ಪೆ ಎಲ್ಲ ಆ ಚಕ್ರದ ಆಕ್ಸಲ್‌ಗೆ ಸುತ್ತಿಕೊಂಡು ಬಿಗಿಯಾಗಿಬಿಡುತ್ತವೆ. ಚಕ್ರ ತಿರುಗುವ ಬದಲು ಎಳೆದುಕೊಂಡು ಹೋಗುತ್ತದೆ, ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ, ವೇಗದಲ್ಲಿದ್ದಾಗ ಗಕ್ಕನೆ ನಿಂತರೆ ಆಟಗಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಕುರ್ಚಿಯ ಮುಂಭಾಗ ಎತ್ತಿ ಹಿಡಿದು ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಸದ್ದಿಲ್ಲದೆ ತಿರುಗುತ್ತಾ ನಿಧಾನಕ್ಕೆ ನಿಲ್ಲಬೇಕು. ಕರಕರ ಅಂದರೆ ಬೇರಿಂಗ್ ಹೋಗಿದೆ. ಹಲವು ಆಟದ ಕುರ್ಚಿಗಳ ಮುಂದಿನ ಚಕ್ರದಲ್ಲಿ ಇರುವುದು ಸ್ಕೇಟಿಂಗ್ ಶೂನಲ್ಲಿ ಬರುವ 608 ನಂಬರಿನ ಬೇರಿಂಗ್. ಹೊರ ಅಳತೆ 22 ಮಿಲಿಮೀಟರ್, ಒಳಗಿನ ತೂತು 8, ದಪ್ಪ 7. ಬೇರಿಂಗ್ ಮಾರುವ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ, ದುಬಾರಿಯೂ ಅಲ್ಲ. ನಿಮ್ಮ ಕುರ್ಚಿಯದ್ದು ಅದೇನಾ ಅಂತ ಹಳೆಯದನ್ನು ತೆಗೆದುಕೊಂಡು ಹೋಗಿ ಹೋಲಿಸಿ ತನ್ನಿ. ಓಡುವಾಗ ಮುಂದಿನ ಚಕ್ರ ಗಡಗಡ ನಡುಗಿದರೆ ಅದನ್ನು ಹಿಡಿದಿರುವ ಫೋರ್ಕಿನ ಮೇಲಿನ ಬೋಲ್ಟ್ ಸಡಿಲವಾಗಿದೆಯಾ ನೋಡಿ.

ಇಲ್ಲೊಂದು ಮಾತು ಎಲ್ಲರಿಗೂ ತಿಳಿದಿರಬೇಕು. ಮುಂದಿನ ಚಕ್ರ ಸವೆದಾಗ ಸಿಕ್ಕಿದ ಅಳತೆಯ ಚಕ್ರ ಹಾಕಬೇಡಿ. ಒಂದು ಸೆಂಟಿಮೀಟರ್ ಎತ್ತರ ಹೆಚ್ಚುಕಡಿಮೆಯಾದರೂ ಇಡೀ ಕುರ್ಚಿ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ದೊಡ್ಡ ಚಕ್ರಗಳನ್ನು ಓರೆಯಾಗಿ ಹಿಡಿದಿರುವ ಅಡ್ಡ ಕೊಳವೆಯೂ ಅದರ ಜತೆ ತಿರುಗುತ್ತದೆ. ಆಗ ಎರಡೂ ದೊಡ್ಡ ಚಕ್ರಗಳು ನೇರ ಮುಂದಕ್ಕೆ ನೋಡುವ ಬದಲು ಒಂದಕ್ಕೊಂದು ಹತ್ತಿರಕ್ಕೋ ದೂರಕ್ಕೋ ತಿರುಗಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಕುರ್ಚಿ ಭಾರ, ಟೈರು ಬೇಗ ಸವೆತ, ಭುಜ ನೋವು. ಯಾಕೆ ಅಂತ ಗೊತ್ತಾಗದೆ ಎಷ್ಟೋ ಜನ ತಮಗೇ ಶಕ್ತಿ ಕಡಿಮೆಯಾಯಿತು ಅಂದುಕೊಳ್ಳುತ್ತಾರೆ. ಇದನ್ನು ಹಿಡಿಯಲು ಟೇಪು ಸಾಕು. ಸಮ ನೆಲದಲ್ಲಿ ಕುರ್ಚಿ ಇಟ್ಟು, ಚಕ್ರದ ನಡುವಿನ ಎತ್ತರದಲ್ಲಿ, ಎರಡು ಚಕ್ರಗಳ ಮುಂದಿನ ಅಂಚುಗಳ ನಡುವೆ ಎಷ್ಟಿದೆ, ಹಿಂದಿನ ಅಂಚುಗಳ ನಡುವೆ ಎಷ್ಟಿದೆ ಅಳೆಯಿರಿ. ಎರಡೂ ಒಂದೇ ಬರಬೇಕು. ಕೆಲವು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಡ್ಡ ಕೊಳವೆಯ ಬೋಲ್ಟ್ ಸಡಿಲಿಸಿ, ತಿರುಗಿಸಿ, ಮತ್ತೆ ಅಳೆದು ಬಿಗಿಯಬೇಕು. ಮ್ಯಾಚಿನಲ್ಲಿ ಅಂಪೈರ್‌ಗಳೂ ಆಟಕ್ಕೆ ಮುಂಚೆ ಕುರ್ಚಿ ಅಳೆಯುತ್ತಾರೆ. ಮೈ ಎಷ್ಟು ಹಿಡಿತದಲ್ಲಿದೆ ಅಂತ ನೋಡಿ ಪ್ರತಿ ಆಟಗಾರನಿಗೂ ಪಾಯಿಂಟ್ ಕೊಟ್ಟಿರುತ್ತಾರೆ. ಅದು 1.0ರಿಂದ 3.0 ಇದ್ದರೆ ಕುಶನ್ ಸೇರಿ ಸೀಟಿನ ಎತ್ತರ 63 ಸೆಂಟಿಮೀಟರ್ ಮೀರಬಾರದು, 3.5ರಿಂದ 4.5 ಇದ್ದರೆ 58 ಮೀರಬಾರದು. ಇಲ್ಲೇ ಅಳೆದುಕೊಂಡು ಹೋದರೆ ದೂರದ ಊರಿಗೆ ಹೋಗಿ ಬೆಂಚಿನಲ್ಲಿ ಕೂರುವುದು ತಪ್ಪುತ್ತದೆ.

ಇನ್ನು ಫ್ರೇಮ್. ವೀಲ್‌ಚೇರ್‌ಗಳಿಗೆ ಐಎಸ್‌ಒ 7176 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ 8ನೇ ಭಾಗದ ಪ್ರಕಾರ ಕುರ್ಚಿಯನ್ನು ಉಬ್ಬು ಇರುವ ಉರುಳೆಗಳ ಮೇಲೆ 2,00,000 ಸುತ್ತು ಓಡಿಸುತ್ತಾರೆ, 5 ಸೆಂಟಿಮೀಟರ್ ಎತ್ತರದಿಂದ 6,666 ಸಲ ಬೀಳಿಸುತ್ತಾರೆ. ದಿನಬಳಕೆಯ ಕುರ್ಚಿಗೇ ಇಷ್ಟೊಂದು ಪರೀಕ್ಷೆ ಯಾಕೆ? ಲೋಹ ಒಂದೇ ಏಟಿಗೆ ಮುರಿಯುವುದಕ್ಕಿಂತ ಸಣ್ಣ ಸಣ್ಣ ಏಟು ಸಾವಿರಾರು ಸಲ ತಿಂದು ದಣಿದು ಮುರಿಯುವುದೇ ಜಾಸ್ತಿ. ಆಟದಲ್ಲಿ ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆಯುವುದು ಬೇರೆ. ಅಲ್ಯೂಮಿನಿಯಂ ಫ್ರೇಮ್ ಬಗ್ಗಿ ಮುನ್ಸೂಚನೆ ಕೊಡುತ್ತದೆ ಅಂತ ಕಾಯಬೇಡಿ. ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗಿ, ಒಳಗೊಳಗೇ ಬೆಳೆದು, ಒಂದು ದಿನ ಪಟ್ ಅಂತ ಹೋಗುತ್ತದೆ.

ಹಾಗಾಗಿ ತಿಂಗಳಿಗೊಮ್ಮೆ ಕುರ್ಚಿ ಮಗುಚಿ, ಒರೆಸಿ, ಟಾರ್ಚ್ ಹಿಡಿದು ಪ್ರತಿ ವೆಲ್ಡಿಂಗ್ ನೋಡಿ. ಅಡ್ಡ ಕೊಳವೆ ಸೇರುವಲ್ಲಿ, ಮುಂದಿನ ಚಕ್ರದ ಗೂಡಿನ ಹತ್ತಿರ, ಬೆನ್ನಿನ ಕಂಬಿ ಸೀಟಿಗೆ ಸೇರುವಲ್ಲಿ, ಕಾಲಿಡುವ ಜಾಗದಲ್ಲಿ. ಸ್ವಲ್ಪ ಹತ್ತಿ ತೆಗೆದುಕೊಂಡು ವೆಲ್ಡಿಂಗ್ ಮೇಲೆ ಮೆಲ್ಲಗೆ ಎಳೆಯಿರಿ, ಬಿರುಕು ಇದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣ ಗೆರೆಯಾಗಿ ಬಿರಿದಿದ್ದರೂ ಅನುಮಾನ ಪಡಬೇಕು. ಬಿರುಕು ಕಂಡರೆ ಆ ಕುರ್ಚಿಯಲ್ಲಿ ಆಟ ಬೇಡ, ಫೈನಲ್ ಮ್ಯಾಚ್ ಇದ್ದರೂ ಬೇಡ. ನಮ್ಮ ಊರುಗಳಲ್ಲಿ ಒಳ್ಳೆಯ ವೆಲ್ಡಿಂಗ್ ಶಾಪುಗಳಿವೆ, ಗೇಟು ಮಾಡುತ್ತಾರೆ, ಟ್ರೇಲರ್ ಮಾಡುತ್ತಾರೆ. ಆದರೆ ಅಲ್ಯೂಮಿನಿಯಂಗೆ ಆ ವೆಲ್ಡಿಂಗ್ ಆಗುವುದಿಲ್ಲ. ಅದಕ್ಕೆ ಆರ್ಗಾನ್ ಗ್ಯಾಸಿನ ಟಿಗ್ ವೆಲ್ಡಿಂಗ್ ಬೇಕು. ಅದರಲ್ಲೂ ಬಿಸಿ ತಾಗಿದ ಜಾಗದಲ್ಲಿ ಲೋಹದ ಬಲ ಕಡಿಮೆಯಾಗುತ್ತದೆ, ಮತ್ತೆ ಆ ಬಲ ಬರಬೇಕಾದರೆ ಲೆಕ್ಕ ಹಿಡಿದು ಕಾಯಿಸಿ ಹದ ಮಾಡಬೇಕು. ಪಟ್ಟಿ ಇಟ್ಟು ಬೋಲ್ಟ್ ಹೊಡೆದು ಕೊಟ್ಟ ಕುರ್ಚಿಯನ್ನೂ ನೋಡಿದ್ದೇನೆ. ತೂತು ಕೊರೆದ ಜಾಗದಲ್ಲೇ ಮುಂದಿನ ಬಿರುಕು ಬಂತು. ಫ್ರೇಮ್ ವಿಷಯ ತಯಾರಿಸಿದವರಿಗೇ ಬಿಡಬೇಕು.

ಬೋಲ್ಟುಗಳಿಗೆ ಅಲೆನ್ ಕೀ ಸೆಟ್ ಇಟ್ಟುಕೊಳ್ಳಿ. ಸಡಿಲ ಇದ್ದರೆ ಬಿಗಿಯಿರಿ, ಬಲ ಇದೆ ಅಂತ ತಿರುಗಿಸಿ ಬೋಲ್ಟಿನ ಮರೆ (ಸುರುಳಿ ಗೆರೆ) ಹಾಳು ಮಾಡಬೇಡಿ. ನೈಲಾನ್ ಇರುವ ಲಾಕ್ ನಟ್ಟು ಬಿಚ್ಚಿ ಬಿಚ್ಚಿ ಹಾಕಿದರೆ ಹಿಡಿತ ಹೋಗುತ್ತದೆ, ಹೊಸದು ಹಾಕಿ.

ಬೆಲ್ಟಿನ ವೆಲ್ಕ್ರೊದಲ್ಲಿ ದಾರ, ಹುಲ್ಲು ತುಂಬಿದರೆ ಹಿಡಿಯುವುದಿಲ್ಲ. ಹಳೇ ಬಾಚಣಿಗೆಯಿಂದ ಕಿತ್ತು ತೆಗೆದರೆ ಮತ್ತೆ ಹಿಡಿಯುತ್ತದೆ. ಹೊಲಿಗೆ ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಗಟ್ಟಿ ನೈಲಾನ್ ದಾರದಲ್ಲಿ ಹೊಲಿಸಿ.

ಕುಶನ್ ಬಗ್ಗೆ ಕೊಡಗಿನವರು ಬೇರೆಯವರಿಗಿಂತ ಜಾಸ್ತಿ ಎಚ್ಚರ ಇರಬೇಕು, ಇದನ್ನು ಯಾವ ದಾನಿಯೂ ಯಾವ ಅಂಗಡಿಯವರೂ ನಮಗೆ ಹೇಳಲಿಲ್ಲ. ಗಾಳಿ ತುಂಬುವ ಕುಶನ್ ಬಳಸುವವರು ಇದ್ದಾರೆ. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸುಮಾರು 1,170 ಮೀಟರ್ ಮೇಲಿದೆ. ಇಲ್ಲಿ ಸರಿಯಾಗಿ ಗಾಳಿ ತುಂಬಿಕೊಂಡು ಸಂಪಾಜೆ ದಾಟಿ ಮಂಗಳೂರಿಗೆ ಮ್ಯಾಚಿಗೆ ಇಳಿದರೆ, ಕೆಳಗೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ ಇರುವುದರಿಂದ ಕುಶನ್ ಒಳಗಿನ ಗಾಳಿ ಕುಗ್ಗುತ್ತದೆ. ಕುಶನ್ ಸೊರಗಿ, ಕೂತಾಗ ಮೂಳೆ ಸೀಟಿಗೇ ತಾಗುತ್ತದೆ. ಸ್ಪರ್ಶ ಇಲ್ಲದವರಿಗೆ ಅದು ಗೊತ್ತಾಗುವುದಿಲ್ಲ, ಒಂದು ಮ್ಯಾಚ್ ಆಡಿ ಬರುವಷ್ಟರಲ್ಲಿ ಒತ್ತಡದ ಹುಣ್ಣು ಶುರುವಾಗಿರುತ್ತದೆ. ವಾಪಸ್ ಮೇಲೆ ಬಂದಾಗ ಇದರ ಉಲ್ಟಾ, ಅಲ್ಲಿ ತುಂಬಿದ ಗಾಳಿ ಇಲ್ಲಿ ಹಿಗ್ಗಿ ಕುಶನ್ ಗಟ್ಟಿಯಾಗುತ್ತದೆ. ಹಾಗಾಗಿ ಘಟ್ಟ ಇಳಿದರೂ ಹತ್ತಿದರೂ ಕುಶನ್ ನೋಡಲೇಬೇಕು. ಕೂತ ಮೇಲೆ ಕುಶನ್ ಅಡಿಗೆ ಕೈ ತೂರಿಸಿ, ಕುಂಡಿಯ ಮೂಳೆ ಎಲ್ಲಿ ಕೆಳಗೆ ಬರುತ್ತದೋ ಅಲ್ಲಿ ನೋಡಿ. ಮೂಳೆಗೂ ಸೀಟಿಗೂ ನಡುವೆ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಅಂತರ ಉಳಿಯಬೇಕು. ಟೈರಿಗೆ ಈ ಚಿಂತೆ ಇಲ್ಲ, ಅದರ ಒತ್ತಡ ಅಷ್ಟು ಜಾಸ್ತಿ ಇರುವುದರಿಂದ ಘಟ್ಟದ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಆಟ ಆದ ರಾತ್ರಿ ಕನ್ನಡಿ ಇಟ್ಟೋ ಮನೆಯವರಿಗೆ ಹೇಳಿಯೋ ಚರ್ಮ ನೋಡಿಸಿಕೊಳ್ಳಿ. ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಆ ಜಾಗದ ಮೇಲೆ ಮತ್ತೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ನಮ್ಮಂಥವರ ಜೀವಕ್ಕೇ ಕುತ್ತು ತರುವ ಹುಣ್ಣು ಅದು.

ಮಳೆಯ ವಿಷಯ ಹೇಳದಿದ್ದರೆ ಕೊಡಗಿನ ಪತ್ರ ಆಗುವುದಿಲ್ಲ. ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಬಟ್ಟೆಯೇ ಒಣಗುವುದಿಲ್ಲ, ಇನ್ನು ಕುರ್ಚಿ? ಸೀಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಒಳಗೆ ಕೂತಿರುವಲ್ಲಿ ತೇವ ಸೇರಿದರೆ ಬಿಳಿ ಪುಡಿ ಎದ್ದು, ಆಮೇಲೆ ಬೋಲ್ಟ್ ಬಿಚ್ಚಲು ಬರುವುದೇ ಇಲ್ಲ. ಮಳೆಗಾಲಕ್ಕೆ ಮುಂಚೆ ಅವನ್ನು ಒಮ್ಮೆ ಬಿಚ್ಚಿ, ಒರೆಸಿ, ಮರೆಗೆ ತೆಳ್ಳಗೆ ಗ್ರೀಸ್ ಹಚ್ಚಿ ಹಾಕಬೇಕು. ನೆನೆದ ಕುರ್ಚಿಯನ್ನು ಕುಶನ್ ತೆಗೆದು, ಚಕ್ರ ಕಳಚಿ, ಒರೆಸಿ, ಗಾಳಿಯಾಡುವಲ್ಲಿ ಇಡಿ. ಒಲೆ ಹತ್ತಿರ ಇಟ್ಟು ಒಣಗಿಸುವುದು ಬೇಡ, ಕುಶನ್ ಒಳಗಿನ ಫೋಮ್ ಗಟ್ಟಿಯಾಗಿ ಪುಡಿಯಾಗುತ್ತದೆ. ಜೀಪ್ ತೊಳೆಯುವ ಪ್ರೆಷರ್ ನೀರನ್ನು ಬೇರಿಂಗ್ ಮೇಲೆ ಬಿಡಲೇಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಸೀಮೆಎಣ್ಣೆ, ಡಬ್ಲ್ಯುಡಿ-40 ಕೂಡ ಅದನ್ನೇ ಮಾಡುತ್ತವೆ, ತುಕ್ಕು ಬಿಡಿಸಲು ಆಗಬಹುದು, ಬೇರಿಂಗಿಗೆ ಆಗುವುದಿಲ್ಲ. ತೆಂಗಿನೆಣ್ಣೆ ಹಚ್ಚುವ ಅಭ್ಯಾಸವನ್ನು ಸುಮ್ನೆ ಬಿಟ್ಟುಬಿಡಿ. ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ, ದೂಳು ಸೇರಿ ಮೇಣವಾಗಿ ಕೂರುತ್ತದೆ. ನಾವು ವರ್ಷಕ್ಕೆ ಎರಡು ಸಲ ದೊಡ್ಡ ತಪಾಸಣೆ ಇಟ್ಟುಕೊಂಡಿದ್ದೇವೆ, ಮೇ ಕೊನೆಗೆ ಒಂದು, ಸೆಪ್ಟೆಂಬರ್ ಶುರುವಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಇನ್ನೊಂದು. ಏನು ನೋಡಿದೆವು, ಏನು ಬದಲಿಸಿದೆವು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ.

ಇಷ್ಟೆಲ್ಲ ಆಟಗಾರನೇ ಮಾಡಿಕೊಳ್ಳಲಿ ಅಂತ ಹೇಳುವುದು ಸುಲಭ. ಕೈಗೆ ಬಲ ಇಲ್ಲದವರಿದ್ದಾರೆ, ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳಿದ್ದಾರೆ, ಒಂದು ಆಕ್ಸಲ್ ತರಿಸಲು ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲದವರಿದ್ದಾರೆ. ರಿಪೇರಿಗೆ ಸಹಾಯ ಕೇಳಿ ಒಂದು ಕಡೆ ಹೋದಾಗ, ಹೊಸ ಕುರ್ಚಿಗೆ ಅರ್ಜಿ ಹಾಕಿ, ರಿಪೇರಿಗೆ ನಮ್ಮಲ್ಲಿ ಲೆಕ್ಕವೇ ಇಲ್ಲ ಅಂದರು. ಹೆಸರು ಬೇಡ. ಅವರು ಸುಳ್ಳು ಹೇಳಿರಲಿಲ್ಲ, ಲೆಕ್ಕ ಇರಲಿಲ್ಲ. ಆದರೆ ಒಂದು ಆಕ್ಸಲ್‌ಗಾಗಿ ಇಡೀ ಕುರ್ಚಿ ಮೂಲೆ ಸೇರುವುದು ಯಾವ ನ್ಯಾಯ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ವೀಲ್‌ಚೇರ್ ಕೊಡುವ ಕೆಲಸವನ್ನು ಎಂಟು ಹಂತವಾಗಿ ಬರೆದಿದೆ. ಎಂಟನೆಯದು ಆಮೇಲಿನ ವಿಚಾರಣೆ, ನಿರ್ವಹಣೆ, ರಿಪೇರಿ. ನಮ್ಮಲ್ಲಿ ಫೋಟೊ ತೆಗೆದಲ್ಲಿಗೆ ಕೆಲಸ ಮುಗಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ, ವಿಕಲಚೇತನರು ಸರಿಯಾಗಿ ಆಟಗಳಲ್ಲಿ ಭಾಗವಹಿಸುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತದೆ. ಬೋಲ್ಟ್ ಸಡಿಲ ಇರುವ ಕುರ್ಚಿಯಲ್ಲಿ ಹೇಗೆ ಭಾಗವಹಿಸುವುದು?

ಕೊಡಗಿನಲ್ಲಿ ಆಟದ ಬೆಲೆ ಯಾರಿಗೂ ಹೇಳಿಕೊಡಬೇಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಇವತ್ತು ಎಲ್ಲಿಗೆ ಬೆಳೆದಿದೆ ಅಂತ ನಿಮಗೇ ಗೊತ್ತು. ಸೈನ್ಯದ ಮನೆಗಳು ಇಲ್ಲಿ ಊರಿಗೆ ಊರೇ ಇವೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತಂದ ವಿಷಯ ನಿವೃತ್ತ ಯೋಧರಿಗೆ ಗೊತ್ತಿರುತ್ತದೆ. ನಮ್ಮ ರಾಜ್ಯದವರೇ ಆದ ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಅವರಿಗೆ 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಬಂತು. ಇಲ್ಲೂ ಅಂಥ ಮಕ್ಕಳು ಇದ್ದಾರೆ, ನಾನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಬೇಕಿರುವುದು ನಂಬಬಹುದಾದ ಒಂದು ಕುರ್ಚಿ.

ದಾನಿಗಳಲ್ಲಿ ನನ್ನ ಕೋರಿಕೆ ಇದು. ಹತ್ತು ಕುರ್ಚಿಗೆ ಹಣ ಇದ್ದರೆ ಎಂಟು ತನ್ನಿ, ಉಳಿದದ್ದಕ್ಕೆ ಟ್ಯೂಬು, ಟೈರು, ಎರಡು ಜತೆ ಆಕ್ಸಲ್, ಬೇರಿಂಗ್, ಬೆಲ್ಟು, ಕಡ್ಡಿ, ಸ್ಪೋಕ್ ಕೀ, ಅಲೆನ್ ಕೀ, ಪಂಪು ತಂದು ಒಂದು ಪೆಟ್ಟಿಗೆ ಮಾಡಿ ಕೊಡಿ. ತರುವ ಮುಂಚೆ ಕೂರುವವರ ಸೊಂಟದ ಅಗಲ, ತೊಡೆಯ ಉದ್ದ ಅಳೆಸಿ. ಅಳತೆ ತಪ್ಪಿದ ಕುರ್ಚಿಯನ್ನು ಎಷ್ಟು ನೋಡಿಕೊಂಡರೂ ಪ್ರಯೋಜನ ಇಲ್ಲ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರಲ್ಲೂ, ವಿಕಲಚೇತನರ ಇಲಾಖೆಯವರಲ್ಲೂ ಕೇಳುವುದು ಇಷ್ಟೆ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲೂ ಎಷ್ಟೋ ಜನ ಸ್ವತಃ ವಿಕಲಚೇತನರು. ಅವರಿಗೂ, ಪ್ರತಿ ತಾಲ್ಲೂಕಿನ ಒಬ್ಬಿಬ್ಬರು ಸೈಕಲ್ ಮೆಕ್ಯಾನಿಕ್‌ಗಳಿಗೂ ಒಂದು ದಿನದ ತರಬೇತಿ ಇಡಿ. ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳನ್ನೂ ಕರೆಯಿರಿ, ಕ್ಯಾಂಬರ್, ಬೇರಿಂಗ್, ಲೋಹದ ದಣಿವು ಎಲ್ಲ ಅವರು ಓದುವ ವಿಷಯವೇ. ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಅಂತ ಎತ್ತಿಡುವ ಹಣದಲ್ಲಿ ಬಿಡಿಭಾಗಕ್ಕೂ ಸ್ವಲ್ಪ ಕೊಡುವಂತೆ ಆದೇಶ ಆಗಲಿ. ತರಬೇತಿ ಕುಶಾಲನಗರದಲ್ಲೇ ಇಟ್ಟರೆ ಒಳ್ಳೆಯದು. ಅಲ್ಲಿ ನೆಲ ಸಮತಟ್ಟು, ಮಡಿಕೇರಿಯ ಏರು ಹತ್ತಿಸಲು ನಮ್ಮ ಕುರ್ಚಿಗಳನ್ನು ಯಾರೂ ತಳ್ಳಬೇಕಾಗಿಲ್ಲ. ಬಿಚ್ಚಿ ತೋರಿಸಲು ಹಳೇ ಕುರ್ಚಿಗಳು ಬೇಕಾಗುತ್ತವೆ, ಅವನ್ನು ನಾವು ತರುತ್ತೇವೆ. ಮೇ ತಿಂಗಳೊಳಗೆ ಇಟ್ಟರೆ ಈ ಸಲದ ಮಳೆಗೆ ಮುಂಚೆ ಎಲ್ಲ ಕುರ್ಚಿಗಳನ್ನೂ ಒಮ್ಮೆ ನೋಡಿ ಮುಗಿಸಬಹುದು.

ಇಂತಿ,
ಒಬ್ಬ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಟಗಾರ
ಸಿದ್ದಾಪುರ, ಕೊಡಗು